ರಕ್ತಕ್ಕಿಳಿಯದ ಔಷಧಿ: ಕೊಲೆಸ್ಟೈರಮೀನ್ ಪುಡಿಯ ಬಗ್ಗೆ

ಕೊಲೆಸ್ಟ್ರಾಲ್ ಇಳಿಸಲೆಂದು ವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಬಹುಪಾಲು ಎಲ್ಲವೂ ನುಂಗಿದ ಮೇಲೆ ಕರುಳಿನಿಂದ ರಕ್ತಕ್ಕೆ ಸೇರಿ, ಅಲ್ಲಿಂದ ಯಕೃತ್ತನ್ನು ತಲುಪಿ ತಮ್ಮ ಕೆಲಸ ಮಾಡುತ್ತವೆ. ಕೊಲೆಸ್ಟೈರಮೀನ್ ಎಂಬ ಪುಡಿಯ ದಾರಿಯೇ ಬೇರೆ. ಅದು ಬಾಯಿಯಿಂದ ಒಳಗೆ ಹೋಗಿ, ಕರುಳಿನ ಉದ್ದಕ್ಕೂ ಸಾಗಿ, ರಕ್ತಕ್ಕೆ ಇಳಿಯದೆ ಮಲದೊಡನೆ ಹೊರಬೀಳುತ್ತದೆ. ಹಾಗಿದ್ದೂ ರಕ್ತದಲ್ಲಿರುವ, ಕೆಟ್ಟ ಕೊಲೆಸ್ಟ್ರಾಲ್ ಎಂದು ಕರೆಯುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ಕೆಳಗಿಳಿಯುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿರುವ ನನಗೆ, ಈ ಪುಡಿಯನ್ನು ಸೇವಿಸಲು ಆರಂಭಿಸಿದ ಮೇಲೆ, ಅದರ ರಸಾಯನಶಾಸ್ತ್ರ ಎಷ್ಟು ಸೊಗಸಾದದ್ದೋ ಅದರ ದಿನನಿತ್ಯದ ಬಳಕೆ ಅಷ್ಟೇ ಕಿರಿಕಿರಿಯದ್ದು ಎಂಬುದು ಮನವರಿಕೆಯಾಗಿದೆ. ನಾನು ವೈದ್ಯನಲ್ಲ, ಇಲ್ಲಿ ಬರೆದಿರುವುದನ್ನು ಓದಿ ಯಾರೂ ತಾವಾಗಿಯೇ ಔಷಧಿ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಮಾಡಬಾರದು. ಆದರೆ ಈ ಪುಡಿಯನ್ನು ಬರೆಸಿಕೊಂಡು ಮನೆಗೆ ಬಂದವರಿಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಸಿಗುವ ವಿವರಣೆ ಬಹಳ ಚಿಕ್ಕದು, ಡಬ್ಬಿಯೊಳಗೆ ಮಡಿಚಿಟ್ಟ ಕಾಗದದ ಅಕ್ಷರಗಳು ಅದಕ್ಕಿಂತ ಚಿಕ್ಕವು.

ನನಗೆ ಇದು ಏಕೆ ಬೇಕಾಯಿತು ಎಂಬುದನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನನ್ನ ಅಣ್ಣನಿಗೆ ಐವತ್ತರ ಆಸುಪಾಸಿನಲ್ಲೇ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿತ್ತು. ನನ್ನ ಎಲ್‌ಡಿಎಲ್ ಯಾವ ಔಷಧಿಯೂ ಇಲ್ಲದಿದ್ದಾಗ 171ರಲ್ಲಿ ನಿಲ್ಲುತ್ತಿತ್ತು. ಇಂಥ ಮನೆತನದವರಿಗೆ ಮೊದಲು ಕೊಡಬೇಕಾದ ಔಷಧಿ ಸ್ಟ್ಯಾಟಿನ್, ಅದನ್ನೇ ಕೊಟ್ಟರು. ಆದರೆ ತೊಡೆ ಮತ್ತು ಭುಜದ ಸ್ನಾಯುಗಳಲ್ಲಿ ನೋವು ಶುರುವಾಗಿ, ಮೆಟ್ಟಿಲು ಹತ್ತುವುದಕ್ಕೆ ಗೋಡೆ ಹಿಡಿಯಬೇಕಾಯಿತು. ರಕ್ತದಲ್ಲಿ ಸಿಪಿಕೆ ಎಂಬ ಸ್ನಾಯು ಕಿಣ್ವವೂ ಏರಿತ್ತು. ಬೇರೆ ಸ್ಟ್ಯಾಟಿನ್, ಕಡಿಮೆ ಪ್ರಮಾಣ, ದಿನ ಬಿಟ್ಟು ದಿನ ಎಂದು ಎಲ್ಲವನ್ನೂ ಪ್ರಯತ್ನಿಸಿದ ಮೇಲೆಯೇ ವೈದ್ಯರು ಅದನ್ನು ಕೈಬಿಟ್ಟು, ಮೊದಲು ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಗ್ಗಿಸುವ ಎಜೆಟಿಮೈಬ್ ಎಂಬ ಮಾತ್ರೆಯನ್ನು, ಆಮೇಲೆ ಅದರ ಜೊತೆಗೆ ಈ ಪುಡಿಯನ್ನು ಕೊಟ್ಟದ್ದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸ್ಟ್ಯಾಟಿನ್‌ನಿಂದ ಮೈಕೈ ನೋವು ಎಂದು ಹೇಳುವವರಲ್ಲಿ ಬಹಳ ಮಂದಿಗೆ ಆ ನೋವು ಔಷಧಿಯಿಂದ ಬಂದದ್ದಾಗಿರುವುದಿಲ್ಲ. 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಎಂಬ ಬ್ರಿಟಿಷ್ ಅಧ್ಯಯನದಲ್ಲಿ, ಸ್ಟ್ಯಾಟಿನ್ ಸಹಿಸಲಾಗದೆ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಏನೂ ಇಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಬರಿಗೈ ಎಂದು ಗುಟ್ಟಾಗಿ ಬದಲಾಯಿಸಿ ಕೊಟ್ಟಾಗ, ಸ್ಟ್ಯಾಟಿನ್‌ನಿಂದ ಆದ ತೊಂದರೆಯ ಸುಮಾರು ಶೇಕಡ 90ರಷ್ಟು ಹುಸಿ ಮಾತ್ರೆಯಿಂದಲೂ ಆಗಿತ್ತು. ಆದ್ದರಿಂದ ಸ್ಟ್ಯಾಟಿನ್ ಒಗ್ಗುವವರು ಅದನ್ನು ಬಿಟ್ಟು ಈ ಪುಡಿಯ ಹಿಂದೆ ಬೀಳುವುದು ಜಾಣತನವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪುಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಪಿತ್ತರಸದ ಓಡಾಟವನ್ನು ಸ್ವಲ್ಪ ನೋಡಬೇಕು. ನಾವು ತಿಂದ ಎಣ್ಣೆ, ತುಪ್ಪ ನೀರಿನಲ್ಲಿ ಬೆರೆಯುವುದಿಲ್ಲ. ಅವನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ಜೀರ್ಣಕ್ಕೆ ಒದಗಿಸುವುದು ಪಿತ್ತರಸದಲ್ಲಿರುವ ಪಿತ್ತಾಮ್ಲಗಳು. ಈ ಪಿತ್ತಾಮ್ಲಗಳನ್ನು ಯಕೃತ್ತು ಕೊಲೆಸ್ಟ್ರಾಲ್‌ನಿಂದಲೇ ತಯಾರಿಸುತ್ತದೆ. ಊಟ ಮಾಡಿದಾಗ ಪಿತ್ತಕೋಶ ಕುಗ್ಗಿ ಅವು ಸಣ್ಣ ಕರುಳಿಗೆ ಬಂದು ಬೀಳುತ್ತವೆ, ಕೆಲಸ ಮುಗಿದ ಮೇಲೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಸುಮಾರು ಶೇಕಡ 95ರಷ್ಟು ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ವಾಪಸಾಗುತ್ತವೆ. ದೇಹದಲ್ಲಿರುವ ಒಟ್ಟು ಪಿತ್ತಾಮ್ಲ ಕೆಲವೇ ಗ್ರಾಂ. ಅಷ್ಟನ್ನೇ ದಿನಕ್ಕೆ ಹಲವು ಸುತ್ತು ತಿರುಗಿಸಿ ಬಳಸಿಕೊಳ್ಳುವ ಮಿತವ್ಯಯದ ವ್ಯವಸ್ಥೆಯಿದು. ದಿನವೊಂದಕ್ಕೆ ಮಲದಲ್ಲಿ ನಷ್ಟವಾಗುವುದು ಸುಮಾರು ಅರ್ಧ ಗ್ರಾಂ ಮಾತ್ರ, ಯಕೃತ್ತು ಹೊಸದಾಗಿ ತಯಾರಿಸಬೇಕಾದದ್ದೂ ಅಷ್ಟೇ.

ಕೊಲೆಸ್ಟೈರಮೀನ್ ಈ ವಾಪಸಾತಿಗೆ ಅಡ್ಡ ನಿಲ್ಲುತ್ತದೆ. ಅದೊಂದು ಅಯಾನು ವಿನಿಮಯ ರಾಳ, ಅಂದರೆ ವಿದ್ಯುದಂಶವಿರುವ ಒಂದು ಕಣವನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಹಿಡಿದುಕೊಳ್ಳುವ ವಸ್ತು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರನ್ನು ಮೆದುಗೊಳಿಸಲು ಇಟ್ಟಿರುವ ಉದ್ದನೆಯ ಸಿಲಿಂಡರ್ ನೋಡಿರುತ್ತೀರಿ. ಅದರೊಳಗೆ ತುಂಬಿರುವ ಹಳದಿ ಕಾಳುಗಳು ಸಾಮಾನ್ಯವಾಗಿ ಪಾಲಿಸ್ಟೈರೀನ್ ಮತ್ತು ಡೈವಿನೈಲ್‌ಬೆಂಜೀನ್ ಹೆಣೆದು ಮಾಡಿದ ರಾಳವಾಗಿದ್ದು, ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ನಾನು ಸೇವಿಸುವ ಪುಡಿಯ ಮೂಲ ಹಂದರವೂ ಅದೇ ಪಾಲಿಸ್ಟೈರೀನ್, ಅದೇ ಡೈವಿನೈಲ್‌ಬೆಂಜೀನ್. ವ್ಯತ್ಯಾಸವಿರುವುದು ಅದಕ್ಕೆ ಜೋಡಿಸಿದ ಗುಂಪಿನಲ್ಲಿ: ನೀರಿನ ರಾಳ ಧನ ಅಯಾನುಗಳನ್ನು ಹಿಡಿದರೆ, ಔಷಧಿಯ ರಾಳಕ್ಕೆ ಧನ ವಿದ್ಯುದಂಶದ ಅಮೋನಿಯಂ ಗುಂಪುಗಳನ್ನು ಕಟ್ಟಿರುವುದರಿಂದ ಅದು ಋಣ ಅಯಾನುಗಳನ್ನು ಹಿಡಿಯುತ್ತದೆ. ಕರುಳಿನಲ್ಲಿ ಅದು ತನ್ನಲ್ಲಿದ್ದ ಕ್ಲೋರೈಡನ್ನು ಬಿಟ್ಟುಕೊಟ್ಟು ಪಿತ್ತಾಮ್ಲವನ್ನು ಕಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಸಮೀಕರಣವನ್ನು ನಿವೃತ್ತಿಯ ನಂತರ ಲೋಟದಲ್ಲಿ ಕಲಕಿ ಕುಡಿಯಬೇಕಾಗಿ ಬಂತು ಎಂದು ನನ್ನ ಹಳೆಯ ಸಹೋದ್ಯೋಗಿಗಳು ಈಗಲೂ ನಗುತ್ತಾರೆ.

ಪಿತ್ತಾಮ್ಲ ವಾಪಸು ಬಾರದಿದ್ದಾಗ ಯಕೃತ್ತು ಹೊಸದನ್ನು ತಯಾರಿಸಬೇಕು, ಅದಕ್ಕೆ ಕಚ್ಚಾವಸ್ತುವಾಗಿ ಕೊಲೆಸ್ಟ್ರಾಲ್ ಬೇಕು. ಆ ಕೊಲೆಸ್ಟ್ರಾಲನ್ನು ತರಿಸಿಕೊಳ್ಳಲು ಯಕೃತ್ತಿನ ಜೀವಕೋಶಗಳು ತಮ್ಮ ಮೇಲ್ಮೈಯಲ್ಲಿ ಎಲ್‌ಡಿಎಲ್ ಗ್ರಾಹಕಗಳೆಂಬ, ಎಲ್‌ಡಿಎಲ್ ಹಿಡಿಯುವ ಪ್ರೋಟೀನುಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡು, ರಕ್ತದಲ್ಲಿ ತೇಲುವ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುತ್ತವೆ. ಈ ಗ್ರಾಹಕಗಳನ್ನು ಕಂಡುಹಿಡಿದು ಅವು ಹೇಗೆ ಹೆಚ್ಚು ಕಡಿಮೆಯಾಗುತ್ತವೆ ಎಂದು ತೋರಿಸಿಕೊಟ್ಟ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ದೇಹ ಸುಲಭವಾಗಿ ಸೋಲುವುದಿಲ್ಲ. ಹೊರಗಿನಿಂದ ಎಳೆದುಕೊಳ್ಳುವುದರ ಜೊತೆಗೆ ಯಕೃತ್ತು ತನ್ನೊಳಗಿನ ಕೊಲೆಸ್ಟ್ರಾಲ್ ತಯಾರಿಕೆಯನ್ನೂ ಚುರುಕುಗೊಳಿಸುತ್ತದೆ, ಹಾಗಾಗಿ ಪುಡಿಯಿಂದ ಆಗುವ ಇಳಿಕೆಗೆ ಒಂದು ಮಿತಿ ಬೀಳುತ್ತದೆ. ಸಾಮಾನ್ಯವಾಗಿ ಹೇಳುವ ಲೆಕ್ಕ ಎಲ್‌ಡಿಎಲ್‌ನಲ್ಲಿ ಶೇಕಡ 15ರಿಂದ 30ರವರೆಗೆ, ಅದೂ ಪ್ರಮಾಣಕ್ಕೆ ತಕ್ಕಂತೆ. ಆ ಒಳಗಿನ ತಯಾರಿಕೆಯನ್ನೇ ತಡೆಯುವುದು ಸ್ಟ್ಯಾಟಿನ್. ಎರಡನ್ನೂ ಸೇರಿಸಿ ಕೊಟ್ಟರೆ ಒಂದಕ್ಕೊಂದು ಒತ್ತಾಸೆಯಾಗುವುದು ಇದೇ ಕಾರಣಕ್ಕೆ. ಇನ್ನೊಂದು ಮಾತೂ ಇದರಿಂದಲೇ ಹೊರಡುತ್ತದೆ. ಹುಟ್ಟಿನಿಂದಲೇ ಎಲ್‌ಡಿಎಲ್ ಗ್ರಾಹಕಗಳು ಇಲ್ಲವೇ ಇಲ್ಲ ಎನ್ನುವಂತಿರುವ, ತಂದೆ ತಾಯಿ ಇಬ್ಬರಿಂದಲೂ ದೋಷ ಬಂದ ವಂಶಪಾರಂಪರ್ಯ ಅಧಿಕ ಕೊಲೆಸ್ಟ್ರಾಲ್ ಇರುವವರಲ್ಲಿ ಈ ಪುಡಿಯಿಂದ ಪ್ರಯೋಜನ ಕಾಣುವುದಿಲ್ಲ, ಏಕೆಂದರೆ ಹೆಚ್ಚಿಸುವುದಕ್ಕೆ ಗ್ರಾಹಕಗಳೇ ಇರುವುದಿಲ್ಲ.

ಕೊಲೆಸ್ಟ್ರಾಲ್ ಇಳಿಸಿದರೆ ಹೃದಯಾಘಾತ ಕಡಿಮೆಯಾಗುತ್ತದೆ ಎಂಬುದು ಇಂದು ಎಲ್ಲರಿಗೂ ಗೊತ್ತಿರುವ ಮಾತು. ಅದು ಇನ್ನೂ ವಾದವಾಗಿದ್ದ ಕಾಲದಲ್ಲಿ ಅದನ್ನು ಗಟ್ಟಿಯಾಗಿ ತೋರಿಸಿದ ಮೊದಲ ದೊಡ್ಡ ಪ್ರಯೋಗ ನಡೆದದ್ದು ಈ ಪುಡಿಯಿಂದಲೇ ಎಂಬುದು ಅನೇಕರಿಗೆ ತಿಳಿದಿಲ್ಲ. ಅಮೆರಿಕದ ಲಿಪಿಡ್ ರಿಸರ್ಚ್ ಕ್ಲಿನಿಕ್ಸ್ ನಡೆಸಿದ ಆ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದ, ಆದರೆ ಹೃದ್ರೋಗದ ಲಕ್ಷಣವಿಲ್ಲದ 3,806 ಮಧ್ಯವಯಸ್ಕ ಗಂಡಸರನ್ನು ಸರಾಸರಿ 7.4 ವರ್ಷ ಗಮನಿಸಿದರು. ಅರ್ಧ ಮಂದಿಗೆ ದಿನಕ್ಕೆ 24 ಗ್ರಾಂ ಕೊಲೆಸ್ಟೈರಮೀನ್, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಹುಸಿ ಪುಡಿ. 1984ರಲ್ಲಿ ಫಲಿತಾಂಶ ಪ್ರಕಟವಾದಾಗ, ಹೃದಯಾಘಾತ ಅಥವಾ ಹೃದ್ರೋಗದ ಸಾವು ಹುಸಿ ಪುಡಿಯವರಲ್ಲಿ 187, ಔಷಧಿಯವರಲ್ಲಿ 155. ಅಂದರೆ ಅಪಾಯ ಶೇಕಡ 19ರಷ್ಟು ಕಡಿಮೆ. ಕೊಲೆಸ್ಟ್ರಾಲ್ ಶೇಕಡ 1ರಷ್ಟು ಇಳಿದರೆ ಅಪಾಯ ಶೇಕಡ 2ರಷ್ಟು ಇಳಿಯುತ್ತದೆ ಎಂಬ, ವೈದ್ಯರ ಬಾಯಲ್ಲಿ ಬಹಳ ಕಾಲ ಉಳಿದ ಲೆಕ್ಕ ಹುಟ್ಟಿದ್ದು ಇಲ್ಲಿಂದಲೇ. ಆದರೆ ಎಲ್ಲ ಕಾರಣಗಳ ಸಾವನ್ನೂ ಕೂಡಿಸಿ ನೋಡಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಮತ್ತೊಂದು ವಿವರ ನನಗೆ ವೈಯಕ್ತಿಕವಾಗಿ ಸಮಾಧಾನ ಕೊಟ್ಟಿತು. ಮೊದಲ ವರ್ಷ ಪುಡಿ ಸೇವಿಸಿದವರಲ್ಲಿ ಶೇಕಡ 68ರಷ್ಟು ಮಂದಿಗೆ ಹೊಟ್ಟೆಯ ತೊಂದರೆಯಿತ್ತು, ಹುಸಿ ಪುಡಿಯವರಲ್ಲಿ ಶೇಕಡ 43. ಏಳನೆಯ ವರ್ಷದ ಹೊತ್ತಿಗೆ ಅದು 29 ಮತ್ತು 26ಕ್ಕೆ ಇಳಿದು ಹೆಚ್ಚುಕಡಿಮೆ ಒಂದೇ ಆಗಿತ್ತು.

ಮೊದಲ ಸ್ಟ್ಯಾಟಿನ್ ಆದ ಲೋವಾಸ್ಟ್ಯಾಟಿನ್ 1987ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಪುಡಿಯ ಕಾಲ ಮುಗಿಯುತ್ತಾ ಬಂತು. ದಿನಕ್ಕೆ ಒಂದು ಚಿಕ್ಕ ಮಾತ್ರೆ ನುಂಗುವುದಕ್ಕೂ, ಆರು ಪೊಟ್ಟಣ ಪುಡಿಯನ್ನು ನೀರಿನಲ್ಲಿ ಕಲಕಿ ಕುಡಿಯುವುದಕ್ಕೂ ಹೋಲಿಕೆಯೇ ಇಲ್ಲ. ಈಗ ಇದು ಉಳಿದಿರುವುದು ನನ್ನಂತೆ ಸ್ಟ್ಯಾಟಿನ್ ಒಗ್ಗದವರಿಗೆ, ಸ್ಟ್ಯಾಟಿನ್ ಒಂದರಿಂದಲೇ ಗುರಿ ಮುಟ್ಟದವರಿಗೆ, ಮತ್ತು ಕೆಲವು ವಿಶೇಷ ಸಂದರ್ಭಗಳಿಗೆ. ಸುತ್ತಮುತ್ತಲಿನ ಔಷಧಿ ಅಂಗಡಿಗಳಲ್ಲಿ ಎಂದೂ ಕೇಳಿದ ತಕ್ಷಣ ಸಿಕ್ಕಿದ್ದಿಲ್ಲ, ಮೊದಲೇ ಹೇಳಿ ತರಿಸಬೇಕು. ಪುಡಿ ಮುಗಿಯುವುದಕ್ಕೆ ಒಂದು ವಾರ ಇರುವಾಗಲೇ ಅಂಗಡಿಯವರಿಗೆ ಫೋನ್ ಮಾಡುವುದು ನನ್ನ ರೂಢಿ.

ಬರೆದುಕೊಡುವಾಗ ನಮ್ಮ ವೈದ್ಯರು ಹೇಳಿದ ಮಾತು ಹೀಗಿತ್ತು: "ಮೇಷ್ಟ್ರೇ, ಇದು ಮಾತ್ರೆ ನುಂಗಿದಷ್ಟು ಸುಲಭ ಅಲ್ಲ. ಮೊದಲು ಕೆಲವು ವಾರ ಹೊಟ್ಟೆ ತಕರಾರು ಮಾಡುತ್ತೆ. ಅದಕ್ಕೆ ಹೆದರಿ ನೀವಾಗಿಯೇ ಬಿಟ್ಟುಬಿಡಬೇಡಿ, ಬಿಡೋದಾದ್ರೆ ನನಗೊಂದು ಮಾತು ಹೇಳಿ." ಆರಂಭದಲ್ಲಿ ದಿನಕ್ಕೆ ಒಂದು ಪೊಟ್ಟಣ, ಹೊಟ್ಟೆ ಒಗ್ಗಿದ ಮೇಲೆ ಎರಡು ಎಂದು ಕ್ರಮವಾಗಿ ಏರಿಸಿದರು. ಒಂದು ಪೊಟ್ಟಣದಲ್ಲಿ ಇರುವ ರಾಳ 4 ಗ್ರಾಂ. ಆದರೆ ಪುಡಿಯ ತೂಕ ಅದಕ್ಕಿಂತ ಹೆಚ್ಚು, ಕೆಲವು ತಯಾರಿಕೆಗಳಲ್ಲಿ 9 ಗ್ರಾಂವರೆಗೂ ಇರುತ್ತದೆ. ಆ ಹೆಚ್ಚುವರಿ ಭಾಗದಲ್ಲಿ ರುಚಿಗೆಂದು ಸೇರಿಸಿದ ಸಕ್ಕರೆ ಇರಬಹುದು, ಆದ್ದರಿಂದ ಸಕ್ಕರೆ ಕಾಯಿಲೆಯವರು ಪೊಟ್ಟಣದ ಮೇಲಿನ ಬರಹವನ್ನು ಕನ್ನಡಕ ಹಾಕಿಕೊಂಡು ಓದಲೇಬೇಕು. ಸಕ್ಕರೆ ಬದಲು ಆಸ್ಪರ್ಟೇಮ್ ಬಳಸಿದ ಬಗೆಯೂ ಇದೆ. ಅದು ಫಿನೈಲ್‌ಕೀಟೋನ್ಯೂರಿಯಾ ಎಂಬ ಅಪರೂಪದ ಹುಟ್ಟು ಕಾಯಿಲೆಯವರಿಗೆ ಆಗದು.

ಕಲಕುವ ವಿಧಾನದಲ್ಲೇ ಅರ್ಧ ಗೆಲುವಿದೆ. ಪುಡಿಯನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳುವುದು ಅಪಾಯ, ಗಂಟಲಿನಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ಇದು ಸಕ್ಕರೆಯಂತೆ ಕರಗುವ ವಸ್ತುವೂ ಅಲ್ಲ. ಎಷ್ಟು ಕಲಕಿದರೂ ನುಣ್ಣನೆಯ ಮರಳಿನಂತೆ ನೀರಿನಲ್ಲಿ ತೇಲಾಡುತ್ತಾ, ಕೈ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಖಾಲಿ ಲೋಟಕ್ಕೆ ಪುಡಿ ಹಾಕಿ ಮೇಲೆ ನೀರು ಸುರಿದರೆ ಗಂಟುಗಂಟಾಗುವುದು ಖಂಡಿತ. ನಾನು ಅಗಲ ಬಾಯಿಯ ಸ್ಟೀಲ್ ಲೋಟದಲ್ಲಿ ಮುಕ್ಕಾಲು ಭಾಗ ನೀರು ತೆಗೆದುಕೊಂಡು, ಪುಡಿಯನ್ನು ನೀರಿನ ಮೇಲ್ಮೈಯ ಮೇಲೆ ಹರಡಿದಂತೆ ಉದುರಿಸಿ, ಒಂದೆರಡು ನಿಮಿಷ ಕಲಕದೆ ಹಾಗೆಯೇ ಬಿಡುತ್ತೇನೆ. ಪುಡಿ ನೀರು ಕುಡಿದು ತಾನಾಗಿಯೇ ಒದ್ದೆಯಾಗುತ್ತದೆ, ಆಮೇಲೆ ಚಮಚದಲ್ಲಿ ಕಲಕಿದರೆ ಗಂಟು ಬೀಳದೆ ಒಂದೇ ಸಮನಾಗಿ ಹರಡಿಕೊಳ್ಳುತ್ತದೆ. ಕುಡಿದು ಮುಗಿಸಿದಾಗ ಲೋಟದ ಒಳಗೋಡೆಗೆ ಒಂದು ತೆಳುವಾದ ಪದರ ಅಂಟಿಕೊಂಡಿರುತ್ತದೆ. ಅದಕ್ಕೆ ಮತ್ತಷ್ಟು ನೀರು ಹಾಕಿ ಸುತ್ತಾಡಿಸಿ ಕುಡಿಯದಿದ್ದರೆ ಔಷಧಿಯ ಒಂದು ಪಾಲು ಪಾತ್ರೆ ತೊಳೆಯುವ ಸಿಂಕಿಗೆ ಹೋಯಿತೆಂದೇ ಲೆಕ್ಕ.

ನೀರು ಬೇಸರವಾದರೆ ಹಾಲು, ಹಣ್ಣಿನ ರಸ, ತಿಳಿಯಾದ ಸೂಪು, ತಿರುಳಿರುವ ಹಣ್ಣು ಇವುಗಳಲ್ಲಿಯೂ ಬೆರೆಸಬಹುದು. ನಮ್ಮ ಮನೆಯಲ್ಲಿ ಚೆನ್ನಾಗಿ ಹೊಂದಿಕೊಂಡದ್ದು ಕಿವುಚಿದ ಪಪ್ಪಾಯಿ ಮತ್ತು ಬಾಳೆಹಣ್ಣು, ಏಕೆಂದರೆ ಹಣ್ಣಿನ ತಿರುಳಿನಲ್ಲಿ ಮರಳಿನ ಅನುಭವ ಬಹುಮಟ್ಟಿಗೆ ಮರೆಯಾಗುತ್ತದೆ. ಮಜ್ಜಿಗೆಯಲ್ಲಿ ಹಾಕಿ ನೋಡಿದ ದಿನ ಇಂಗು, ಕರಿಬೇವು ಹಾಕಿದ ಒಳ್ಳೆಯ ಮಜ್ಜಿಗೆಯೊಂದು ಕೆಟ್ಟಿತು ಎಂಬುದಷ್ಟೇ ಉಳಿದ ನೆನಪು. ಯಾವುದರಲ್ಲಿ ಬೆರೆಸಿದರೂ ಕಾಫಿಯಂತೆ ಗುಟುಕು ಗುಟುಕಾಗಿ ಹೀರುತ್ತಾ ಕೂರಬಾರದು, ಬಾಯಲ್ಲಿ ಇಟ್ಟುಕೊಳ್ಳಲೂ ಬಾರದು. ಹಾಗೆ ಮಾಡಿದರೆ ಹಲ್ಲಿನ ಬಣ್ಣ ಕೆಡಬಹುದು, ಹಲ್ಲಿನ ಹೊರಪದರ ಸವೆಯಬಹುದು. ಬೇಗ ಕುಡಿದು ಬಾಯಿ ಮುಕ್ಕಳಿಸಿಬಿಡುವುದೇ ಸರಿ.

ಇನ್ನು ಈ ಔಷಧಿಯ ಅತಿ ಮುಖ್ಯವಾದ, ಮತ್ತು ಹೆಚ್ಚು ಮಂದಿ ಎಡವುವ ವಿಷಯಕ್ಕೆ ಬರುತ್ತೇನೆ. ರಾಳಕ್ಕೆ ಪಿತ್ತಾಮ್ಲ ಯಾವುದು, ಮಾತ್ರೆ ಯಾವುದು ಎಂಬ ಭೇದ ತಿಳಿಯದು. ಅದೇ ಹೊತ್ತಿಗೆ ಕರುಳಿನಲ್ಲಿ ಸಿಕ್ಕ ಬೇರೆ ಔಷಧಿಗಳನ್ನೂ ಅದು ಹಿಡಿದುಕೊಂಡು ಹೊರಗೆ ಕೊಂಡೊಯ್ಯುತ್ತದೆ. ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೃದಯದ ಡಿಗಾಕ್ಸಿನ್, ಪ್ರೊಪ್ರಾನೊಲಾಲ್, ಮೂತ್ರ ಹೆಚ್ಚಿಸುವ ಥಯಾಜೈಡ್ ಗುಂಪಿನ ಮಾತ್ರೆಗಳು, ಕೆಲವು ಸ್ಟ್ಯಾಟಿನ್‌ಗಳು, ಎಜೆಟಿಮೈಬ್, ಹೀಗೆ ಪಟ್ಟಿ ಉದ್ದವಿದೆ. ಸಾಮಾನ್ಯ ನಿಯಮವೆಂದರೆ ಬೇರೆ ಮಾತ್ರೆಗಳನ್ನು ಪುಡಿಗಿಂತ ಕನಿಷ್ಠ ಒಂದು ಗಂಟೆ ಮೊದಲು, ಇಲ್ಲವೇ ಪುಡಿಯಾದ ನಾಲ್ಕರಿಂದ ಆರು ಗಂಟೆಯ ನಂತರ ತೆಗೆದುಕೊಳ್ಳಬೇಕು. ಲೆವೊಥೈರಾಕ್ಸಿನ್‌ಗೆ ಮಾತ್ರ ಹಿಂದೆ ಮುಂದೆ ಎರಡು ಕಡೆಯೂ ನಾಲ್ಕು ಗಂಟೆಯ ಅಂತರ ಇರುವುದು ಒಳ್ಳೆಯದು. ಮಧ್ಯವಯಸ್ಸು ದಾಟಿದ ನಮ್ಮ ಮನೆಗಳಲ್ಲಿ ಥೈರಾಯ್ಡ್ ಗುಳಿಗೆ, ರಕ್ತದೊತ್ತಡದ ಮಾತ್ರೆ, ವಾರಕ್ಕೊಮ್ಮೆ ಹಾಲಿನಲ್ಲಿ ಬೆರೆಸಿ ಕುಡಿಯುವ 60,000 ಯೂನಿಟ್‌ನ ಡಿ ಜೀವಸತ್ವದ ಪೊಟ್ಟಣ ಇಲ್ಲದವರು ಎಷ್ಟು ಮಂದಿ? ಇವೆಲ್ಲದರ ನಡುವೆ ಪುಡಿಗೆ ಜಾಗ ಹುಡುಕುವುದೆಂದರೆ ಕಾಲೇಜಿನ ವೇಳಾಪಟ್ಟಿ ಹಾಕಿದಂತಲ್ಲ, ಅದಕ್ಕಿಂತ ಕಷ್ಟ.

ರಾತ್ರಿಯಿಡೀ ಉಪವಾಸವಿದ್ದು ಪಿತ್ತಕೋಶ ತುಂಬಿರುವುದರಿಂದ, ಬೆಳಗಿನ ತಿಂಡಿಯ ಹೊತ್ತಿನ ಪುಡಿ ಹೆಚ್ಚು ಫಲಕಾರಿ ಎಂಬ ವಾದವಿದೆ, ತರ್ಕವೂ ಸರಿಯಾಗಿದೆ. ಆದರೆ ನನಗೆ ಅದು ಹೊಂದಲಿಲ್ಲ. ನಾನು ಬೆಳಗಿನ ಜಾವ ಎದ್ದೊಡನೆ ಬರಿ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುತ್ತೇನೆ. ಅದಾಗಿ ನಾಲ್ಕು ಗಂಟೆ ಕಾದರೆ ತಿಂಡಿಯ ಹೊತ್ತು ಮೀರಿ ಹೋಗಿರುತ್ತದೆ. ಆದ್ದರಿಂದ ವೈದ್ಯರೊಡನೆ ಕುಳಿತು ಮಾಡಿಕೊಂಡ ಏರ್ಪಾಡು ಹೀಗಿದೆ: ಎಲ್ಲ ಮಾತ್ರೆಗಳೂ ಬೆಳಗಿನ ಪಾಲಿಗೆ, ಪುಡಿ ಮಧ್ಯಾಹ್ನ ಮತ್ತು ರಾತ್ರಿಯ ಊಟದ ಪಾಲಿಗೆ. ಥೈರಾಯ್ಡ್ ಗುಳಿಗೆ ಐದೂವರೆಗೆ, ತಿಂಡಿಯ ಜೊತೆಗೆ ಎಜೆಟಿಮೈಬ್ ಮತ್ತು ರಕ್ತದೊತ್ತಡದ ಮಾತ್ರೆ ಎಂಟಕ್ಕೆ, ಭಾನುವಾರವಾದರೆ ಡಿ ಜೀವಸತ್ವವೂ ಆಗಲೇ. ಮೊದಲ ಪೊಟ್ಟಣ ಮಧ್ಯಾಹ್ನ ಒಂದು ಗಂಟೆಯ ಊಟಕ್ಕೆ, ಎರಡನೆಯದು ರಾತ್ರಿ ಎಂಟರ ಊಟಕ್ಕೆ. ರಾತ್ರಿ ಮಲಗುವಾಗ ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆಯನ್ನು ಬೆಳಗಿಗೆ ತಂದದ್ದು ಇದಕ್ಕಾಗಿಯೇ. ನಡುವೆ ಜ್ವರಕ್ಕೋ ಕೆಮ್ಮಿಗೋ ಬೇರೊಬ್ಬ ವೈದ್ಯರು ದಿನಕ್ಕೆ ಮೂರು ಬಾರಿಯ ಮಾತ್ರೆ ಬರೆದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಅಂಥ ದಿನಗಳಲ್ಲಿ ಪುಡಿಯನ್ನು ಏನು ಮಾಡಬೇಕು ಎಂದು ಮೊದಲೇ ಕೇಳಿ ತಿಳಿದಿರುವುದು ಉತ್ತಮ. ಪುಡಿ ಸೇವಿಸುವ ವಿಷಯವನ್ನು ಆ ವೈದ್ಯರಿಗೂ ಹೇಳಬೇಕು, ಏಕೆಂದರೆ ಯಾರೂ "ಏನಾದರೂ ಪುಡಿ ಕುಡೀತೀರಾ?" ಎಂದು ತಾವಾಗಿ ಕೇಳುವುದಿಲ್ಲ.

ಹೊಟ್ಟೆಯ ವಿಷಯ. ಮಲಬದ್ಧತೆ ಈ ಔಷಧಿಯ ಮೊದಲ ದೂರು, ಹೊಟ್ಟೆ ಉಬ್ಬರ ಮತ್ತು ವಾಯು ಎರಡನೆಯದು, ಎದೆಯುರಿ ಮೂರನೆಯದು. ನನಗೆ ಮೂರೂ ಬಂದವು. ಎದೆಯುರಿ ತಾನಾಗಿ ಹೋಯಿತು. ಉಳಿದೆರಡಕ್ಕೆ ನೀರು ಹೆಚ್ಚಿಸಿ, ಮಧ್ಯಾಹ್ನದ ಅನ್ನದ ಒಂದು ಭಾಗವನ್ನು ರಾಗಿಮುದ್ದೆಗೆ ಬದಲಾಯಿಸಿ, ಸೊಪ್ಪಿನ ಪಲ್ಯವನ್ನು ಎರಡು ಪಟ್ಟು ಮಾಡಿಕೊಂಡೆ. ವೈದ್ಯರ ಒಪ್ಪಿಗೆಯ ಮೇಲೆ ರಾತ್ರಿ ಇಸಬ್‌ಗೋಲನ್ನೂ ಸೇರಿಸಿಕೊಂಡೆ. ಇಸಬ್‌ಗೋಲಿನ ಅಂಟಿನಂಥ ನಾರೂ ಕರುಳಿನಲ್ಲಿ ಪಿತ್ತಾಮ್ಲವನ್ನು ಒಂದಷ್ಟು ಹಿಡಿದು ಎಲ್‌ಡಿಎಲ್ ಅನ್ನು ಸ್ವಲ್ಪ ಇಳಿಸುತ್ತದೆ, ಹಾಗಾಗಿ ಅದು ಮಲಬದ್ಧತೆಗೆ ಮದ್ದಾಗುವುದರ ಜೊತೆಗೆ ಮುಖ್ಯ ಕೆಲಸಕ್ಕೂ ಕೈಜೋಡಿಸುತ್ತದೆ. ಮೂಲವ್ಯಾಧಿ ಇರುವವರು ಮಾತ್ರ ಈ ವಿಷಯವನ್ನು ಸಂಕೋಚಪಡದೆ ಮೊದಲೇ ವೈದ್ಯರ ಮುಂದೆ ಹೇಳಿಕೊಳ್ಳಬೇಕು, ಮಲ ಗಟ್ಟಿಯಾದರೆ ಅವರ ಪಾಡು ಕಷ್ಟ.

ನಮ್ಮ ದೇಶದವರಿಗೆ ಈ ಪುಡಿ ಎಲ್ಲರಿಗೂ ಹೊಂದದಿರುವುದಕ್ಕೆ ಮುಖ್ಯ ಕಾರಣ ಟ್ರೈಗ್ಲಿಸರೈಡ್ ಎಂಬ, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು. ಪಿತ್ತಾಮ್ಲ ಕಡಿಮೆಯಾದಾಗ ಯಕೃತ್ತು ಟ್ರೈಗ್ಲಿಸರೈಡ್ ತುಂಬಿದ ವಿಎಲ್‌ಡಿಎಲ್ ಕಣಗಳನ್ನು ಹೆಚ್ಚಾಗಿ ಹೊರಬಿಡುತ್ತದೆ, ಹಾಗಾಗಿ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ. ಮೊದಲೇ ಸಾಧಾರಣ ಮಟ್ಟದಲ್ಲಿರುವವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಅನ್ನ, ಸಿಹಿ ಹೆಚ್ಚಾಗಿ ತಿಂದು ಹೊಟ್ಟೆಯ ಸುತ್ತ ಬೊಜ್ಜು ಬೆಳೆಸಿಕೊಂಡ, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ಭಾರತೀಯರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಡಿಮೆ ಎಂಬ ಜೋಡಿ ಬಹಳ ಸಾಮಾನ್ಯ. ಅಂಥವರಿಗೆ ಪುಡಿ ಕೊಟ್ಟರೆ ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸಿದಂತಾಗುತ್ತದೆ. ಟ್ರೈಗ್ಲಿಸರೈಡ್ 400 ದಾಟಿದವರಿಗೆ ಇದನ್ನು ಕೊಡುವುದಿಲ್ಲ, ಅದಕ್ಕಿಂತ ಬಹಳ ಕೆಳಗೇ ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಯಾರಾದರೂ ನನ್ನನ್ನು ಈ ಪುಡಿ ತಮಗಾಗುತ್ತದೆಯೇ ಎಂದು ಕೇಳಿದರೆ ನಾನು ಮೊದಲು ಕೇಳುವುದು ಅವರ ಎಲ್‌ಡಿಎಲ್ ಅನ್ನಲ್ಲ, ಟ್ರೈಗ್ಲಿಸರೈಡನ್ನು. ಪಿತ್ತನಾಳ ಪೂರ್ತಿ ಮುಚ್ಚಿಹೋಗಿರುವವರಿಗೂ ಇದು ಸಲ್ಲದು, ಕರುಳಿಗೆ ಪಿತ್ತರಸವೇ ಬರದಿದ್ದಾಗ ರಾಳ ಹಿಡಿಯುವುದಾದರೂ ಏನನ್ನು?

ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳು ಹೀರಲ್ಪಡುವುದಕ್ಕೂ ಪಿತ್ತಾಮ್ಲ ಬೇಕಾದ್ದರಿಂದ, ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಪುಡಿ ಸೇವಿಸಿದರೆ ಅವುಗಳ ಕೊರತೆ ಬರಬಹುದು. ಫೋಲಿಕ್ ಆಮ್ಲವೂ ಕಡಿಮೆಯಾಗಬಹುದು. ಕೆ ಜೀವಸತ್ವ ಕಡಿಮೆಯಾದರೆ ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಸುಮ್ಮನೆ ಮೂಡುವ ನೀಲಿ ಕಲೆ ಕಾಣಿಸಬಹುದು. ನನ್ನ ಪ್ರಮಾಣ ಚಿಕ್ಕದು, ಅಂಥದ್ದೇನೂ ಆಗಿಲ್ಲ.

ಫಲಿತಾಂಶಕ್ಕೆ ಬರೋಣ. ಎಜೆಟಿಮೈಬ್ ಒಂದರಿಂದ ನನ್ನ ಎಲ್‌ಡಿಎಲ್ 171ರಿಂದ 139ಕ್ಕೆ ಇಳಿದಿತ್ತು. ದಿನಕ್ಕೆ ಎರಡು ಪೊಟ್ಟಣ ಪುಡಿ ಸೇರಿದ ಮೇಲೆ ನಡೆದ ರಕ್ತ ಪರೀಕ್ಷೆಯಲ್ಲಿ ಅದು 113. ಟ್ರೈಗ್ಲಿಸರೈಡ್ 128 ಇದ್ದದ್ದು 151 ಆಯಿತು, ಎಚ್‌ಡಿಎಲ್ ಇದ್ದಲ್ಲೇ ಇತ್ತು. ವೈದ್ಯರು ನನಗೆ ಗೊತ್ತುಮಾಡಿದ್ದ ಗುರಿ 100ರ ಕೆಳಗೆ, ಅದಿನ್ನೂ ಮುಟ್ಟಿಲ್ಲ. ಪುಡಿಯ ಪರಿಣಾಮ ಪೂರ್ತಿ ಕಾಣಿಸಿಕೊಳ್ಳುವುದಕ್ಕೆ ಸುಮಾರು ಒಂದು ತಿಂಗಳು ಸಾಕು, ಆಮೇಲೆ ವರ್ಷಗಟ್ಟಲೆ ಕಾದರೂ ಅದೇ ಪ್ರಮಾಣದಲ್ಲಿ ಮತ್ತೆ ಇಳಿಯುವುದಿಲ್ಲ. ಪ್ರಮಾಣವನ್ನು ಏರಿಸುತ್ತಾ ಹೋದಂತೆ ಹೊಸ ಪೊಟ್ಟಣದಿಂದ ಸಿಗುವ ಲಾಭ ಕಡಿಮೆಯಾಗುತ್ತಾ, ಹೊಟ್ಟೆಯ ತೊಂದರೆ ಹೆಚ್ಚುತ್ತಾ ಹೋಗುತ್ತದೆ. ಮೂರನೆಯ ಪೊಟ್ಟಣ ಸೇರಿಸೋಣವೇ ಎಂದು ವೈದ್ಯರು ಕೇಳಿದಾಗ ನಾನು ಬೇಡವೆಂದದ್ದು ಇದನ್ನು ಯೋಚಿಸಿಯೇ, ಅವರೂ ಒತ್ತಾಯ ಮಾಡಲಿಲ್ಲ.

ಕೊಲೆಸ್ಟ್ರಾಲ್ ಬಿಟ್ಟು ಬೇರೆ ಕಾರಣಕ್ಕೂ ಇದೇ ಪುಡಿಯನ್ನು ಕೊಡುತ್ತಾರೆ. ಯಕೃತ್ತಿನ ಕೆಲವು ಕಾಯಿಲೆಗಳಲ್ಲಿ ಪಿತ್ತರಸದ ಹರಿವು ಅರ್ಧಂಬರ್ಧ ತಡೆಯಲ್ಪಟ್ಟು ಮೈಯೆಲ್ಲ ವಿಪರೀತ ತುರಿಸುತ್ತದೆ, ಆ ತುರಿಕೆಗೆ ಇದು ಹಳೆಯ ಮದ್ದು. ಪಿತ್ತಕೋಶ ತೆಗೆಸಿಕೊಂಡ ಮೇಲೆ ಕೆಲವರಿಗೆ ಊಟವಾದೊಡನೆ ಭೇದಿಗೆ ಓಡಬೇಕಾಗುತ್ತದೆ. ದೊಡ್ಡ ಕರುಳಿಗೆ ಇಳಿದ ಪಿತ್ತಾಮ್ಲವೇ ಅದಕ್ಕೆ ಕಾರಣವಾಗಿದ್ದರೆ ಈ ಪುಡಿ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಬೀದಿಯ ಒಬ್ಬ ತಾಯಿಯವರು ಇದಕ್ಕಾಗಿಯೇ ಅದನ್ನು ಸೇವಿಸುತ್ತಾರೆ, ನನಗೆ ಶಾಪವಾದ ಮಲಬದ್ಧತೆಯ ಗುಣವೇ ಅವರಿಗೆ ವರವಾಗಿದೆ. ಇನ್ನು ಮಗುವಿಗಾಗಿ ಕಾಯುತ್ತಿರುವ, ವಂಶಪಾರಂಪರ್ಯ ಅಧಿಕ ಕೊಲೆಸ್ಟ್ರಾಲ್ ಇರುವ ಹೆಣ್ಣುಮಕ್ಕಳು ಗರ್ಭಿಣಿಯಾದಾಗ ಸಾಮಾನ್ಯವಾಗಿ ಸ್ಟ್ಯಾಟಿನ್ ನಿಲ್ಲಿಸಬೇಕಾಗುತ್ತದೆ. ಔಷಧಿ ಬೇಕೇ ಬೇಕು ಎನ್ನುವ ಸಂದರ್ಭದಲ್ಲಿ ತಜ್ಞರು ಪರಿಗಣಿಸುವುದು ರಕ್ತಕ್ಕೆ ಸೇರದ ಈ ಗುಂಪನ್ನು, ಆದರೆ ಜೀವಸತ್ವಗಳ ಮೇಲೆ ಕಣ್ಣಿಟ್ಟುಕೊಂಡೇ.

ಪುಡಿಯ ರುಚಿ ಕಂಡು ಮುಖ ಸಿಂಡರಿಸುವವರಿಗಾಗಿ ಇದೇ ಗುಂಪಿನಲ್ಲಿ ಕೊಲೆಸೆವೆಲಾಮ್ ಎಂಬ ಮಾತ್ರೆ ಬಂದಿದೆ. ಅಮೆರಿಕದಲ್ಲಿ ಅದಕ್ಕೆ 2000ದಲ್ಲಿ ಒಪ್ಪಿಗೆ ಸಿಕ್ಕಿತು, 2008ರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಗೂ ಸಿಕ್ಕಿತು, ಏಕೆಂದರೆ ಅದು ಸಕ್ಕರೆಯನ್ನೂ ಸ್ವಲ್ಪ ತಗ್ಗಿಸುತ್ತದೆ. ಬೇರೆ ಔಷಧಿಗಳೊಡನೆ ಅದರ ಜಗಳ ಕಡಿಮೆ. ಆದರೆ ಮಾತ್ರೆ ಎಂದ ಕೂಡಲೇ ಹಿಗ್ಗಬೇಕಿಲ್ಲ, 625 ಮಿಲಿಗ್ರಾಂನ ದಪ್ಪ ಮಾತ್ರೆಗಳನ್ನು ದಿನಕ್ಕೆ ಆರು ನುಂಗಬೇಕು.

ಹೊಸ ಔಷಧಿಗಳ ಮಾತು ವೈದ್ಯರೊಡನೆ ಆಗಿದೆ. ಬೆಂಪೆಡೋಯಿಕ್ ಆಮ್ಲ ಯಕೃತ್ತಿನಲ್ಲಿ ಮಾತ್ರ ಸಕ್ರಿಯವಾಗುವುದರಿಂದ ಸ್ನಾಯುಗಳ ತಂಟೆಗೆ ಹೋಗುವುದು ಕಡಿಮೆ, ಸ್ಟ್ಯಾಟಿನ್ ಒಗ್ಗದವರ ಮೇಲೆಯೇ ನಡೆದ 2023ರ ದೊಡ್ಡ ಅಧ್ಯಯನದಲ್ಲಿ ಹೃದಯದ ಅವಘಡಗಳನ್ನು ಅದು ಶೇಕಡ 13ರಷ್ಟು ಇಳಿಸಿತು. ಆದರೆ ಅದು ಯೂರಿಕ್ ಆಮ್ಲವನ್ನು ಏರಿಸುತ್ತದೆ, ನನಗೆ ಹೆಬ್ಬೆರಳ ಗೌಟ್ ಹಿಂದೆಯೇ ಬಂದು ಹೋಗಿದೆ, ಆದ್ದರಿಂದ ಅದು ಸದ್ಯಕ್ಕೆ ಬದಿಗೆ ಸರಿದಿದೆ. ಎಲ್‌ಡಿಎಲ್ ಗ್ರಾಹಕಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು ಎಲ್‌ಡಿಎಲ್ ಅನ್ನು ಅರ್ಧಕ್ಕೆ ಇಳಿಸಬಲ್ಲವು. ಅವುಗಳ ಬೆಲೆ ಪಿಂಚಣಿಯ ಲೆಕ್ಕಕ್ಕೆ ಹೊಂದುವುದಿಲ್ಲ. ಕತ್ತಿನ ರಕ್ತನಾಳಗಳ ಸ್ಕ್ಯಾನ್ ಮಾಡಿಸಿ, ಅಲ್ಲಿ ಕೊಬ್ಬಿನ ಪದರ ಎಷ್ಟಿದೆ ಎಂದು ನೋಡಿ, ಮುಂದಿನದನ್ನು ತೀರ್ಮಾನಿಸೋಣ ಎಂದು ವೈದ್ಯರು ಹೇಳಿದ್ದಾರೆ. ಅಲ್ಲಿಯವರೆಗೆ ಎಜೆಟಿಮೈಬ್ ಬೆಳಿಗ್ಗೆ, ಪುಡಿ ಎರಡು ಊಟಕ್ಕೆ ಎಂಬ ಏರ್ಪಾಡೇ ಮುಂದುವರಿಯಲಿದೆ.